ಒಮಾಹಾದಿಂದ ತಾಲೆಕ್ವಾವರೆಗೆ: ಅಮೆರಿಕದ ಮೂಲನಿವಾಸಿಗಳು ವೈದ್ಯರಾದ ಬಗೆ

ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜು ಎಂದೊಡನೆ ನಮ್ಮವರಿಗೆ ನೆನಪಾಗುವ ಹೆಸರು ಆನಂದಿಬಾಯಿ ಜೋಶಿಯವರದು. ಮುಂಬಯಿ ಸಮೀಪದ ಕಲ್ಯಾಣ್‌ನಲ್ಲಿ 1865ರಲ್ಲಿ ಹುಟ್ಟಿದ ಆ ಹೆಣ್ಣುಮಗಳು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, 1886ರ ಮಾರ್ಚಿನಲ್ಲಿ ವೈದ್ಯ ಪದವಿ ಪಡೆದು, ಸ್ವದೇಶಕ್ಕೆ ಮರಳಿದ ಕೆಲವೇ ತಿಂಗಳಲ್ಲಿ ತೀರಿಕೊಂಡ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಅದೇ 1886ರ ಅಕ್ಟೋಬರ್ ತಿಂಗಳಲ್ಲಿ ಅದೇ ಕಾಲೇಜಿಗೆ ಮತ್ತೊಬ್ಬ ತರುಣಿ ಬಂದು ಸೇರಿದರು. ಅವರೂ 1865ರಲ್ಲೇ ಹುಟ್ಟಿದವರು. ಆದರೆ ಅವರು ಸಮುದ್ರ ದಾಟಿ ಬಂದವರಲ್ಲ. ಅಮೆರಿಕ ಎಂಬ ಹೆಸರು ಹುಟ್ಟುವುದಕ್ಕೂ ಮೊದಲಿನಿಂದ ಆ ನೆಲದಲ್ಲಿದ್ದ ಜನರ ಮಗಳು. ಹೆಸರು ಸೂಸನ್ ಲಾ ಫ್ಲೆಶ್. ಈಗಿನ ನೆಬ್ರಾಸ್ಕಾ ರಾಜ್ಯದ, ಮಿಸ್ಸೌರಿ ನದಿಯ ದಂಡೆಯ ಒಮಾಹಾ ಬುಡಕಟ್ಟಿನವರು.

ಹಳೆಯ ಪಠ್ಯಪುಸ್ತಕಗಳಲ್ಲಿ ಈ ಜನರನ್ನು ರೆಡ್ ಇಂಡಿಯನ್ನರು ಎಂದು ಕರೆಯುತ್ತಿದ್ದರು. ಇಂಡಿಯಾವನ್ನು ಹುಡುಕಿ ಹೊರಟ ಕೊಲಂಬಸ್ ತಾನು ತಲುಪಿದ್ದು ಇಂಡಿಯಾವನ್ನೇ ಎಂದು ತಿಳಿದದ್ದರ ಫಲ ಅದು. ಹೆಸರಿನ ಜೊತೆಗೆ ಇನ್ನೊಂದು ಪದವೂ ನಮ್ಮನ್ನು ಗೊಂದಲಕ್ಕೆ ಕೆಡವುತ್ತದೆ. ನಮ್ಮಲ್ಲಿ ರಿಸರ್ವೇಷನ್ ಎಂದರೆ ಕಾಲೇಜಿನ ಸೀಟು, ಸರ್ಕಾರಿ ಹುದ್ದೆ. ಅಲ್ಲಿನ ಮೂಲನಿವಾಸಿಗಳ ಬಾಯಲ್ಲಿ ರಿಸರ್ವೇಷನ್ ಎಂದರೆ ಜಮೀನು. ವಿಶಾಲವಾದ ಸೀಮೆಗಳನ್ನು ಒಪ್ಪಂದಗಳ ಮೂಲಕವೋ ಬಂದೂಕಿನ ಮೂಲಕವೋ ಬಿಟ್ಟುಕೊಟ್ಟ ಮೇಲೆ ಅವರಿಗೆಂದು ಉಳಿಸಿದ ತುಂಡು ನೆಲ. ಆ ಒಪ್ಪಂದಗಳಲ್ಲಿ ಹಲವು, ನೆಲಕ್ಕೆ ಬದಲಾಗಿ ಶಾಲೆಯನ್ನೂ ವೈದ್ಯನನ್ನೂ ಒದಗಿಸುವುದಾಗಿ ಮಾತು ಕೊಟ್ಟಿದ್ದವು. ಸೂ ಜನರೊಂದಿಗೆ 1868ರಲ್ಲಿ ಮಾಡಿಕೊಂಡ ಫೋರ್ಟ್ ಲಾರಮಿ ಒಪ್ಪಂದ ಅಂಥದೊಂದು. ವೈದ್ಯನನ್ನು ಒದಗಿಸುವುದು ಧರ್ಮದ ಕೆಲಸವಲ್ಲ, ಪಡೆದ ನೆಲದ ಬೆಲೆ. ಮುಂದಿನದೆಲ್ಲವನ್ನೂ ತಿಳಿಯಲು ಈ ಮಾತು ನೆನಪಿನಲ್ಲಿರಬೇಕು.

ಮಾತು ಕೊಡುವುದು ಬೇರೆ, ನಡೆಸುವುದು ಬೇರೆ. ಸೂಸನ್ ಬಾಲಕಿಯಾಗಿದ್ದಾಗ ಒಮಾಹಾ ಮುದುಕಿಯೊಬ್ಬಳು ಕಾಯಿಲೆಯಿಂದ ನರಳುತ್ತಿದ್ದಳು. ಸರ್ಕಾರಿ ವೈದ್ಯನಿಗೆ ನಾಲ್ಕು ಸಲ ಹೇಳಿಕಳುಹಿಸಿದರು. ಬರುತ್ತೇನೆ ಎಂಬ ಉತ್ತರ ಬಂತು, ವೈದ್ಯ ಬರಲಿಲ್ಲ. ಬೆಳಗಾಗುವುದರೊಳಗೆ ಮುದುಕಿ ತೀರಿಕೊಂಡಳು. ತಾನು ವೈದ್ಯೆಯಾಗಬೇಕೆಂದು ಮನಸ್ಸು ಮಾಡಿದ್ದಕ್ಕೆ ಈ ಸಾವೇ ಕಾರಣವೆಂದು ಸೂಸನ್ ಮುಂದೆ ನೆನೆಯುತ್ತಿದ್ದರು.

ಮನಸ್ಸು ಮಾಡಿದರೆ ಸಾಕೆ? ಮೀಸಲು ಪ್ರದೇಶದ ಮಿಷನ್ ಶಾಲೆಯಿಂದ ಫಿಲಡೆಲ್ಫಿಯಾದ ಶವಚ್ಛೇದನ ಕೊಠಡಿಗೆ ಹೋಗುವ ದಾರಿ ಯಾವುದು? ಸೂಸನ್ ನಡೆದ ದಾರಿ ಹೀಗಿತ್ತು. ತಂದೆ ಜೋಸೆಫ್ ಲಾ ಫ್ಲೆಶ್ ಬುಡಕಟ್ಟಿನ ಮುಖಂಡರು. ಮಕ್ಕಳು ಇಂಗ್ಲಿಷ್ ಕಲಿಯದೆ ಉಳಿಗಾಲವಿಲ್ಲವೆಂದು ನಂಬಿದವರು. ಮಗಳನ್ನು ನ್ಯೂಜೆರ್ಸಿಯ ಶಾಲೆಗೂ ಅನಂತರ ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಗೂ ಕಳುಹಿಸಿದರು. ಹ್ಯಾಂಪ್ಟನ್ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ 1868ರಲ್ಲಿ ಹುಟ್ಟಿದ ಶಾಲೆ. 1878ರಿಂದ ಮೂಲನಿವಾಸಿ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿತ್ತು. ಅಲ್ಲಿನ ವೈದ್ಯೆ ಮಾರ್ಥಾ ವಾಲ್ಡ್ರನ್ ಸ್ವತಃ ಫಿಲಡೆಲ್ಫಿಯಾ ಕಾಲೇಜಿನಲ್ಲಿ ಓದಿದವರು. ಹುಡುಗಿಯ ಬುದ್ಧಿ ಕಂಡು ಅಲ್ಲಿಗೇ ಅರ್ಜಿ ಹಾಕಿಸಿದರು. ಸೀಟೇನೋ ಸಿಕ್ಕಿತು, ಹಣವೆಲ್ಲಿ? ಮಾನವಶಾಸ್ತ್ರಜ್ಞೆ ಆಲಿಸ್ ಫ್ಲೆಚರ್ ಅವರ ಪರಿಚಯದಿಂದ ಕನೆಕ್ಟಿಕಟ್ ರಾಜ್ಯದ ಮಹಿಳಾ ಸಂಘವೊಂದು ಖರ್ಚು ವಹಿಸಿಕೊಂಡಿತು. ಇಂಡಿಯನ್ ವ್ಯವಹಾರಗಳ ಸರ್ಕಾರಿ ಕಚೇರಿಯೂ ವರ್ಷಕ್ಕಿಷ್ಟೆಂದು ಕೊಡಲು ಒಪ್ಪಿತು. ವೃತ್ತಿಶಿಕ್ಷಣಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರದ ನೆರವು ಪಡೆದವರಲ್ಲಿ ಸೂಸನ್ ಅವರೇ ಮೊದಲಿಗರೆಂದು ಚರಿತ್ರಕಾರರು ಹೇಳುತ್ತಾರೆ.

ಈ ನೆರವಿಗೆ ಒಂದು ಷರತ್ತಿತ್ತು. ಪದವಿ ಪಡೆದ ಮೇಲೂ ಕೆಲವು ವರ್ಷ ಮದುವೆಯಾಗಬಾರದು, ಆ ವರ್ಷಗಳನ್ನು ತನ್ನ ಜನರ ಸೇವೆಗೆ ಮುಡಿಪಾಗಿಡಬೇಕು. ಹಣ ಕೊಟ್ಟ ಮಹಿಳೆಯರ ಉದ್ದೇಶ ಒಳ್ಳೆಯದೇ. ಸೂಸನ್ ಅವರೂ ಸಂತೋಷದಿಂದಲೇ ಒಪ್ಪಿದಂತೆ ತೋರುತ್ತದೆ. ಆದರೂ ಗಮನಿಸಿ: ಒಬ್ಬ ವಿದ್ಯಾರ್ಥಿನಿಯ ಖಾಸಗಿ ಬದುಕು ಎಲ್ಲೋ ದೂರದ ಊರಿನ ಸಮಿತಿಯ ನಿರ್ಣಯಕ್ಕೆ ಒಳಪಟ್ಟಿತ್ತು. ಇನ್ನೊಬ್ಬರ ಕೃಪೆಯಿಂದ ತೆರೆಯುವ ಬಾಗಿಲಿನ ಸ್ವಭಾವವೇ ಅದು. ಒಬ್ಬರಿಗೆ ತೆರೆಯುತ್ತದೆ, ಹಿಂದೆ ಬರುವವರಿಗೆ ತೆರೆದಿರುತ್ತದೆ ಎಂಬ ಭರವಸೆ ಇಲ್ಲ.

1889ರ ಮಾರ್ಚಿನಲ್ಲಿ ಸೂಸನ್ 36 ಮಂದಿಯ ತರಗತಿಗೆ ಮೊದಲಿಗರಾಗಿ ಉತ್ತೀರ್ಣರಾದರು. ಅಮೆರಿಕದ ಮೂಲನಿವಾಸಿ ಮಹಿಳೆಯರಲ್ಲಿ ವೈದ್ಯ ಪದವಿ ಪಡೆದ ಮೊದಲಿಗರೂ ಅವರೇ. ಅದೇ ವರ್ಷ ಅದೇ ಕಾಲೇಜಿನಿಂದ ಪದವಿ ಪಡೆದವರಲ್ಲಿ ಜಪಾನಿನ ಕೇ ಒಕಾಮಿ ಕೂಡ ಇದ್ದರು. ಕಲ್ಯಾಣ್, ಟೋಕಿಯೊ, ಒಮಾಹಾ ಎಲ್ಲಕ್ಕೂ ಬಾಗಿಲು ತೆರೆದಿದ್ದ ಆ ಕಾಲೇಜಿನ ಚರಿತ್ರೆಯನ್ನು ಯಾರಾದರೂ ಕನ್ನಡದಲ್ಲಿ ಬಿಡಿಯಾಗಿ ಬರೆಯಬೇಕು.

ಊರಿಗೆ ಮರಳಿದ ಸೂಸನ್ ಮೊದಲು ಸರ್ಕಾರಿ ಶಾಲೆಯ ಮಕ್ಕಳ ವೈದ್ಯೆಯಾದರು, ಸ್ವಲ್ಪದರಲ್ಲೇ ಇಡೀ ಬುಡಕಟ್ಟಿನ ವೈದ್ಯೆಯಾದರು. ಸುಮಾರು 1200 ಜನ. ವರ್ಷಕ್ಕೆ 500 ಡಾಲರ್ ಸಂಬಳ. ಕುದುರೆಯ ಮೇಲೆ, ಇಲ್ಲವೆ ಬಂಡಿಯಲ್ಲಿ ಮೈಲಿಗಟ್ಟಲೆ ಪ್ರಯಾಣ. ಕಾಗದ ಪತ್ರ ಬರೆದುಕೊಡುವುದು, ಜಮೀನಿನ ತಗಾದೆಗಳಿಗೆ ಸಲಹೆ ಹೇಳುವುದು ಎಲ್ಲವೂ ಡಾಕ್ಟರಮ್ಮನ ಪಾಲಿಗೇ ಬಂತು. ಒಂದೇ ಲೋಟದಿಂದ ಎಲ್ಲರೂ ನೀರು ಕುಡಿಯುವ ಪದ್ಧತಿಯ ವಿರುದ್ಧ, ನೊಣದ ವಿರುದ್ಧ, ಹೆಂಡದ ವಿರುದ್ಧ ಅವರು ಮಾತನಾಡಿದರು. ದೇಹ ತಡೆಯಲಿಲ್ಲ. 1893ರಲ್ಲಿ ಸರ್ಕಾರಿ ಕೆಲಸ ಬಿಟ್ಟರು, 1894ರಲ್ಲಿ ಹೆನ್ರಿ ಪಿಕಾಟ್ ಅವರನ್ನು ಮದುವೆಯಾದರು. ಆದರೆ ವೈದ್ಯ ವೃತ್ತಿ ಬಿಡಲಿಲ್ಲ. ಸರ್ಕಾರದ ಹಣವಿಲ್ಲದೆ, ದಾನಿಗಳಿಂದ ಕೂಡಿಸಿ, 1913ರಲ್ಲಿ ವಾಲ್ಟ್‌ಹಿಲ್ ಎಂಬ ಊರಿನಲ್ಲಿ ಆಸ್ಪತ್ರೆ ತೆರೆದರು. ಅಲ್ಲಿ ಬಿಳಿಯರಿಗೂ ಚಿಕಿತ್ಸೆ ದೊರೆಯುತ್ತಿತ್ತು. ಎರಡೇ ವರ್ಷಗಳಲ್ಲಿ, 1915ರ ಸೆಪ್ಟೆಂಬರಿನಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ಇದೇ ವೃತ್ತಿಗೆ ಬಂದ ಇನ್ನಿಬ್ಬರ ಹೆಸರನ್ನೂ ಹೇಳಬೇಕು. ಯಾವಪೈ ಬುಡಕಟ್ಟಿನ ವಸ್ಸಾಜ ಎಂಬ ಬಾಲಕನನ್ನು 1871ರ ಸುಮಾರಿಗೆ ಬೇರೆ ಬುಡಕಟ್ಟಿನವರು ದಾಳಿಯಲ್ಲಿ ಸೆರೆಹಿಡಿದು, ಕಾರ್ಲೋ ಜೆಂಟೀಲೆ ಎಂಬ ಇಟಲಿಯ ಛಾಯಾಗ್ರಾಹಕನಿಗೆ 30 ಡಾಲರಿಗೆ ಮಾರಿದರು. ಆತ ಹುಡುಗನನ್ನು ಮಗನಂತೆ ಸಾಕಿ ಕಾರ್ಲೋಸ್ ಮೊಂಟೆಜೂಮಾ ಎಂದು ಹೆಸರಿಟ್ಟ. ಆ ಹುಡುಗ 1889ರಲ್ಲಿ ಷಿಕಾಗೋ ವೈದ್ಯಕೀಯ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. ಇನ್ನೊಬ್ಬರು ಸ್ಯಾಂಟೀ ಡಕೋಟಾ ಬುಡಕಟ್ಟಿನ ಒಹಿಯೇಸಾ, ಅಂದರೆ ಚಾರ್ಲ್ಸ್ ಈಸ್ಟ್‌ಮನ್. 1890ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಆ ವರ್ಷದ ನವೆಂಬರಿನಲ್ಲಿ ಪೈನ್ ರಿಡ್ಜ್ ಮೀಸಲು ಪ್ರದೇಶಕ್ಕೆ ಸರ್ಕಾರಿ ವೈದ್ಯರಾಗಿ ಬಂದರು. ಡಿಸೆಂಬರ್ 29ರಂದು ಅಲ್ಲೇ ಹತ್ತಿರದ ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯ ಲಕೋಟಾ ಗಂಡಸರು, ಹೆಂಗಸರು, ಮಕ್ಕಳ ಮೇಲೆ ಗುಂಡಿನ ಮಳೆಗರೆಯಿತು. ಕ್ರಿಸ್‌ಮಸ್ಸಿಗೆ ಶೃಂಗರಿಸಿದ್ದ ಇಗರ್ಜಿಯ ಬೆಂಚುಗಳನ್ನು ಕಿತ್ತು ಹಾಕಿ, ಹುಲ್ಲು ಹರಡಿ, ಗಾಯಾಳುಗಳನ್ನು ಮಲಗಿಸಿದರು. ಅವರಿಗೆ ಚಿಕಿತ್ಸೆ ಮಾಡಿದವರಲ್ಲಿ ಈಸ್ಟ್‌ಮನ್ ಒಬ್ಬರು. ಕೆಲಸಕ್ಕೆ ಸೇರಿ ಆಗ ಎರಡು ತಿಂಗಳೂ ಆಗಿರಲಿಲ್ಲ.

ಒಬ್ಬರಿಗೆ ಮಹಿಳಾ ಸಂಘ, ಒಬ್ಬರಿಗೆ ಛಾಯಾಗ್ರಾಹಕ, ಇನ್ನೊಬ್ಬರಿಗೆ ಮಿಷನರಿಗಳು. ಮೂವರೂ ಪ್ರತಿಭಾವಂತರು, ಮೂವರೂ ಅದೃಷ್ಟದಿಂದ ಬಂದವರು. 1889ರಲ್ಲೂ 1890ರಲ್ಲೂ ಇಷ್ಟು ಮಂದಿ ಬಂದರಲ್ಲ, ಇನ್ನು ಇಪ್ಪತ್ತು ವರ್ಷಗಳಲ್ಲಿ ನೂರಾರು ಮಂದಿ ಬರಬಹುದೆಂದು ಯಾರಾದರೂ ಊಹಿಸಿದ್ದರೆ ಅದು ಸುಳ್ಳಾಯಿತು.

ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ವಸತಿ ಶಾಲೆಗಳಲ್ಲಿ ಇಟ್ಟು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಶಿಕ್ಷಿಸುತ್ತಿದ್ದ ಕಾಲ ಅದು. ದಿನದ ಅರ್ಧ ಪಾಠ, ಉಳಿದರ್ಧ ಬಟ್ಟೆ ಒಗೆಯುವುದು, ಹೊಲಿಗೆ, ಬಡಗಿ ಕೆಲಸ, ಬೇಸಾಯ. ರಸಾಯನ ವಿಜ್ಞಾನ ಕಲಿಸದ ಶಾಲೆಯಿಂದ ಡಾಕ್ಟರು ಹೇಗೆ ಬಂದಾರು? ಇದೇ ಹೊತ್ತಿಗೆ, 1910ರಲ್ಲಿ, ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿ ವರದಿ ಕೊಟ್ಟರು. ಕಳಪೆ ಶಾಲೆಗಳು ಮುಚ್ಚಿದವು, ವೈದ್ಯಕೀಯಕ್ಕೆ ಸೇರುವ ಮುನ್ನ ಕಾಲೇಜಿನಲ್ಲಿ ವಿಜ್ಞಾನ ಓದಿರಬೇಕೆಂಬ ನಿಯಮ ಬಿಗಿಯಾಯಿತು. ರೋಗಿಗಳಿಗೆ ಇದರಿಂದ ಒಳ್ಳೆಯದಾಯಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ದಾರಿ ಉದ್ದವಾಯಿತು, ದುಬಾರಿಯಾಯಿತು. ಬಡವರ ಮಕ್ಕಳು ಹೊರಗುಳಿದರು. ಹ್ಯಾಂಪ್ಟನ್ ಸಂಸ್ಥೆಯಲ್ಲೂ ಮೂಲನಿವಾಸಿಗಳ ವಿಭಾಗ 1923ರ ಹೊತ್ತಿಗೆ ಕೊನೆಗೊಂಡಿತು. 1928ರಲ್ಲಿ ಪ್ರಕಟವಾದ ಮೆರಿಯಮ್ ವರದಿ ಮೀಸಲು ಪ್ರದೇಶಗಳ ಆರೋಗ್ಯ ಸೇವೆಯನ್ನೂ ವಸತಿ ಶಾಲೆಗಳನ್ನೂ ಕಟುವಾಗಿ ಟೀಕಿಸಿತು.

ಈ ಸ್ಥಿತಿ ಸುಮಾರು ಅರ್ಧ ಶತಮಾನ ಹೆಚ್ಚು ಬದಲಾಗಲಿಲ್ಲ. 1955ರಲ್ಲಿ ಇಂಡಿಯನ್ ಆರೋಗ್ಯ ಸೇವೆ ಎಂಬ ಇಲಾಖೆ ಸಾರ್ವಜನಿಕ ಆರೋಗ್ಯ ಖಾತೆಯ ಕೈಗೆ ಬಂದು, ಆಸ್ಪತ್ರೆಗಳೇನೋ ಸುಧಾರಿಸಿದವು. ಆದರೆ ಅಲ್ಲಿ ದುಡಿಯುತ್ತಿದ್ದವರು ಯಾರು? ಸೈನ್ಯದಲ್ಲಿ ಕಡ್ಡಾಯ ಸೇವೆ ಸಲ್ಲಿಸುವ ಬದಲು ಮೀಸಲು ಪ್ರದೇಶದಲ್ಲಿ ಎರಡು ವರ್ಷ ಕೆಲಸ ಮಾಡಲು ಬಂದ ಪಟ್ಟಣದ ತರುಣ ವೈದ್ಯರೇ ಬಹಳ. ಅವರಲ್ಲಿ ಒಳ್ಳೆಯವರು ಅನೇಕರಿದ್ದರು. ರೋಗಿಯ ಮಾತು ಕಲಿಯುವ ಹೊತ್ತಿಗೆ ಅವರ ಅವಧಿ ಮುಗಿದಿರುತ್ತಿತ್ತು. 1973ರಲ್ಲಿ ಅಮೆರಿಕ ಕಡ್ಡಾಯ ಸೈನ್ಯ ಸೇವೆಯನ್ನೇ ನಿಲ್ಲಿಸಿದಾಗ ಈ ಒರತೆಯೂ ಬತ್ತಿತು.

1971ರಲ್ಲಿ ಒಕ್ಲಹೋಮಾದಲ್ಲಿ ಮೂಲನಿವಾಸಿ ವೈದ್ಯರು ಸೇರಿ ತಮ್ಮದೊಂದು ಸಂಘ ಕಟ್ಟಿದರು. ಕಟ್ಟಿದವರು ಒಟ್ಟು 14 ಮಂದಿ. ಅಮೆರಿಕ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿ ಆಗಲೇ ಎರಡು ವರ್ಷವಾಗಿತ್ತು.

ಅಲ್ಲಿಂದ ಮುಂದೆ ಹೊಸ ಆಲೋಚನೆ ಹುಟ್ಟಿತು. 1973ರಲ್ಲಿ ಉತ್ತರ ಡಕೋಟಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭವಾದ ಇನ್‌ಮೆಡ್ ಎಂಬ ಕಾರ್ಯಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುವು ಅದೇ. ಇನ್‌ಮೆಡ್ ಮಾಡಿದವರು ಪ್ರವೇಶ ಪರೀಕ್ಷೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದರು. ವೈದ್ಯಕೀಯಕ್ಕೆ ಸೇರಲು ಪದವಿಯಲ್ಲಿ ಜೀವವಿಜ್ಞಾನ, ರಸಾಯನ ವಿಜ್ಞಾನ ಬೇಕು. ಅದಕ್ಕೆ ಪ್ರೌಢಶಾಲೆಯಲ್ಲಿ ಗಣಿತ ಬೇಕು. ಅದಕ್ಕೆ ಏಳನೆಯ ತರಗತಿಯ ಹುಡುಗಿಗೆ ತಾನೂ ಡಾಕ್ಟರಾಗಬಹುದು ಎಂಬ ಯೋಚನೆ ಬರಬೇಕು. ಆದ್ದರಿಂದ ಅವರು ಏಳನೆಯ ತರಗತಿಯಿಂದಲೇ ಶುರುಮಾಡಿದರು. ಉತ್ತರ ಡಕೋಟಾ, ದಕ್ಷಿಣ ಡಕೋಟಾ, ಮೊಂಟಾನಾ, ನೆಬ್ರಾಸ್ಕಾ, ವಯೋಮಿಂಗ್ ರಾಜ್ಯಗಳ ಮೀಸಲು ಪ್ರದೇಶಗಳ ಮಕ್ಕಳನ್ನು ಬೇಸಿಗೆಯ ಆರು ವಾರ ಗ್ರ್ಯಾಂಡ್ ಫೋರ್ಕ್ಸ್ ನಗರದ ವಿಶ್ವವಿದ್ಯಾಲಯಕ್ಕೆ ಕರೆತಂದು ವಿಜ್ಞಾನ, ಗಣಿತ ಕಲಿಸಿದರು. ಪದವಿ ವಿದ್ಯಾರ್ಥಿಗಳಿಗೆ ಪ್ರವೇಶ ಪರೀಕ್ಷೆಯ ತರಬೇತಿ ಬೇರೆ. ವೈದ್ಯಕೀಯ ತರಗತಿಯಲ್ಲಿ ಪ್ರತಿವರ್ಷ ಕೆಲವು ಸ್ಥಾನಗಳನ್ನೂ ಇಟ್ಟರು. ಸೇರಿದವರಿಗೆ ಪಾಠದ ನೆರವು, ಊರು ಬಿಟ್ಟು ಬಂದವರ ಒಂಟಿತನಕ್ಕೆ ಜೊತೆ, ಮಾತನಾಡಲು ತಮ್ಮವರೇ ಆದ ಸಲಹೆಗಾರರು. ಕಾರ್ಯಕ್ರಮಕ್ಕೆ ದಾರಿ ತೋರುವ ಮಂಡಳಿಯಲ್ಲಿ ಬುಡಕಟ್ಟುಗಳ ಪ್ರತಿನಿಧಿಗಳೇ ಕುಳಿತರು. ಅಲ್ಲಿಂದೀಚೆಗೆ ಈ ದಾರಿಯಲ್ಲಿ ಬಂದ ಮೂಲನಿವಾಸಿ ವೈದ್ಯರ ಸಂಖ್ಯೆ 200ನ್ನು ದಾಟಿದೆ.

ಹಣದ ಪ್ರಶ್ನೆಗೆ ಉತ್ತರ 1976ರಲ್ಲಿ ಬಂತು. ಇಂಡಿಯನ್ ಆರೋಗ್ಯ ರಕ್ಷಣಾ ಸುಧಾರಣೆ ಕಾಯಿದೆಯ ಪ್ರಕಾರ ವೈದ್ಯಕೀಯ, ಶುಶ್ರೂಷೆ ಮುಂತಾದ ವಿಷಯ ಓದುವ ಮೂಲನಿವಾಸಿ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರವೇ ವಿದ್ಯಾರ್ಥಿ ವೇತನ ಕೊಡತೊಡಗಿತು. ವೃತ್ತಿಶಿಕ್ಷಣಕ್ಕೆ ಹಣ ಪಡೆದವರು ಮುಂದೆ ಮೂಲನಿವಾಸಿಗಳ ಆಸ್ಪತ್ರೆಗಳಲ್ಲಿ ಇಂತಿಷ್ಟು ವರ್ಷ ದುಡಿಯಬೇಕು. ಇಲ್ಲೂ ಷರತ್ತು ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಅದು ಕಾನೂನಿನಲ್ಲಿ ಬರೆದ, ಎಲ್ಲರಿಗೂ ಒಂದೇ ಆದ ಷರತ್ತು. ಮದುವೆಯ ಮಾತನ್ನು ಅದು ಎತ್ತುವುದಿಲ್ಲ.

ಈಗ ನ್ಯಾಯಾಲಯಗಳ ಕಡೆ ಬರೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಶಾಲೆ ವರ್ಷಕ್ಕೆ ನೂರು ಮಂದಿಯನ್ನು ತೆಗೆದುಕೊಳ್ಳುತ್ತಿತ್ತು. ಅದರಲ್ಲಿ 16 ಸ್ಥಾನಗಳನ್ನು ಕಪ್ಪು ಜನ, ಮೆಕ್ಸಿಕನ್ ಮೂಲದವರು, ಏಷ್ಯಾ ಮೂಲದವರು ಮತ್ತು ಅಮೆರಿಕನ್ ಇಂಡಿಯನ್ನರಿಗಾಗಿ ಪ್ರತ್ಯೇಕವಾಗಿ ತುಂಬುತ್ತಿತ್ತು. ಎರಡು ಬಾರಿ ಸೀಟು ಸಿಗದ ಅಲನ್ ಬಕ್ಕಿ ಎಂಬ ಬಿಳಿಯ ಅರ್ಜಿದಾರರು ಮೊಕದ್ದಮೆ ಹೂಡಿದರು. 1978ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೀಗೆ ಸ್ಥಾನಗಳನ್ನು ಎಣಿಸಿ ಕಾದಿಡುವುದು ತಪ್ಪೆಂದೂ, ಆಯ್ಕೆಯಲ್ಲಿ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದೆಂದೂ ತೀರ್ಪು ಕೊಟ್ಟಿತು.

ಈ ತೀರ್ಪಿನ ಬಗ್ಗೆ ಪುಸ್ತಕಗಳ ರಾಶಿಯೇ ಇದೆ. ನಮ್ಮ ವಿಷಯಕ್ಕೆ ಬೇಕಾದದ್ದು ತೀರ್ಪಿನೊಳಗೆ ನಮೂದಾಗಿರುವ ಒಂದು ಲೆಕ್ಕ. 1971ರಿಂದ 1974ರವರೆಗೆ ಆ ವಿಶೇಷ ವ್ಯವಸ್ಥೆಯಲ್ಲಿ ಸೇರಿದವರು 63 ಮಂದಿ: 21 ಕಪ್ಪು ವಿದ್ಯಾರ್ಥಿಗಳು, 30 ಮೆಕ್ಸಿಕನ್ ಮೂಲದವರು, 12 ಏಷ್ಯಾ ಮೂಲದವರು. ಕೂಡಿಸಿ ನೋಡಿ, ಲೆಕ್ಕ ಮುಗಿಯಿತು. ಪಟ್ಟಿಯಲ್ಲಿ ಹೆಸರಿದ್ದ ಅಮೆರಿಕನ್ ಇಂಡಿಯನ್ನರು ನಾಲ್ಕು ವರ್ಷಗಳಲ್ಲಿ ಒಬ್ಬರೂ ಇಲ್ಲ. ಬಾಗಿಲಲ್ಲಿ ಸ್ಥಾನ ಕಾದಿತ್ತು, ಬಾಗಿಲವರೆಗೆ ಬರುವ ದಾರಿ ಇರಲಿಲ್ಲ. ಅದೇ ವರ್ಷಗಳಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಹುಡುಕಿ ಹೊರಟವರು ಕಂಡುಕೊಂಡ ಸತ್ಯ ಇದೇ.

ಕರ್ನಾಟಕದ ವಿದ್ಯಾರ್ಥಿಗಳಿಗೆ ಡೇವಿಸ್ ಮೊಕದ್ದಮೆ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. 1962ರಲ್ಲಿ ಆಗಿನ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68ರಷ್ಟು ಸ್ಥಾನಗಳನ್ನು ಮೀಸಲಿಟ್ಟ ಆದೇಶವನ್ನು ಎಂ. ಆರ್. ಬಾಲಾಜಿ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿ, ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆ ಇರಬೇಕೆಂದಿತು. ಆ 68ರಲ್ಲಿ ಪರಿಶಿಷ್ಟ ಪಂಗಡಗಳ ಪಾಲು 3. ಆದರೆ ಎರಡು ದೇಶಗಳಿಗೂ ಮುಖ್ಯ ವ್ಯತ್ಯಾಸವೊಂದಿದೆ. ಮದರಾಸಿನ ಚಂಪಕಂ ದೊರೈರಾಜನ್ ಮೊಕದ್ದಮೆಯ ಬಳಿಕ 1951ರಲ್ಲೇ ಭಾರತ ಸಂವಿಧಾನಕ್ಕೆ 15(4)ನೆಯ ವಿಧಿಯನ್ನು ಸೇರಿಸಿ, ಹಿಂದುಳಿದ ವರ್ಗಗಳಿಗೂ ಪರಿಶಿಷ್ಟ ಜಾತಿ ಪಂಗಡಗಳಿಗೂ ವಿಶೇಷ ಏರ್ಪಾಡು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಎಷ್ಟು, ಯಾರಿಗೆ ಎಂಬ ವಾದ ಉಳಿಯಿತು. ಮಾಡಬಹುದೇ ಎಂಬ ವಾದ ಮುಗಿಯಿತು. ಅಮೆರಿಕದ ಸಂವಿಧಾನದಲ್ಲಿ ಅಂಥ ವಿಧಿ ಇಲ್ಲ.

ಅಲ್ಲಿನ ಮೂಲನಿವಾಸಿಗಳಿಗೆ ಇರುವ ಆಸರೆ ಬೇರೆಯದು. 1974ರ ಮಾರ್ಟನ್ ಮತ್ತು ಮಂಕಾರಿ ಮೊಕದ್ದಮೆಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ಇಂಡಿಯನ್ ವ್ಯವಹಾರಗಳ ಇಲಾಖೆಯ ನೌಕರಿಯಲ್ಲಿ ಬುಡಕಟ್ಟಿನ ಸದಸ್ಯರಿಗೆ ಕೊಡುವ ಆದ್ಯತೆ ಜನಾಂಗದ ಆಧಾರದ್ದಲ್ಲ, ರಾಜಕೀಯ ಸಂಬಂಧದ ಆಧಾರದ್ದು ಎಂದಿತ್ತು. ಬುಡಕಟ್ಟುಗಳು ಒಪ್ಪಂದಗಳಿಗೆ ಸಹಿ ಹಾಕಿದ ಜನಾಂಗಗಳು ಮಾತ್ರವಲ್ಲ, ಸ್ವಂತ ಸರ್ಕಾರವುಳ್ಳ ರಾಷ್ಟ್ರಗಳು. ಅವುಗಳ ಸದಸ್ಯತ್ವ ಪೌರತ್ವವಿದ್ದಂತೆ ಎಂಬುದು ವಾದದ ತಿರುಳು. ಆದರೆ ಕಾಲೇಜಿನ ಅರ್ಜಿಯಲ್ಲಿ ಮೂಲನಿವಾಸಿ ಎಂಬುದು ಬಹುಕಾಲ ಜನಾಂಗದ ಕಾಲಮಿನಲ್ಲೇ ಗುರುತು ಹಾಕುವ ಒಂದು ಚೌಕ ಮಾತ್ರವಾಗಿತ್ತು. 2023ರ ಜೂನ್‌ನಲ್ಲಿ ಹಾರ್ವರ್ಡ್ ಮತ್ತು ಉತ್ತರ ಕರೋಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಯಲ್ಲಿ ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವುದನ್ನೇ ನ್ಯಾಯಾಲಯ ನಿಷೇಧಿಸಿದಾಗ, ಈ ಚೌಕವೂ ಉಪಯೋಗಕ್ಕೆ ಬಾರದಾಯಿತು. ಮರುವರ್ಷ, 2024ರಲ್ಲಿ, ಎಂ.ಡಿ. ಪದವಿಗೆ ಹೊಸದಾಗಿ ಸೇರಿದ ಮೂಲನಿವಾಸಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 22ರಷ್ಟು ಇಳಿಯಿತು. ಮೊದಲೇ ಅಮೆರಿಕದ ವೈದ್ಯರಲ್ಲಿ ಅವರ ಪಾಲು ಶೇ. 1ನ್ನೂ ಮುಟ್ಟಿಲ್ಲ. ಬುಡಕಟ್ಟಿನ ಸದಸ್ಯತ್ವವನ್ನು ಜನಾಂಗದಿಂದ ಬೇರ್ಪಡಿಸಿ ಕೇಳಬಹುದೇ ಎಂಬ ಚರ್ಚೆ ವಿಶ್ವವಿದ್ಯಾಲಯಗಳಲ್ಲಿ ಎದ್ದಿದೆ.

ಈ ಚರ್ಚೆಗೆ ಕಾಯದೆ ಒಂದು ಬುಡಕಟ್ಟು ಬೇರೆಯೇ ದಾರಿ ಹಿಡಿಯಿತು. ಚೆರೋಕಿ ಜನರನ್ನು ಆಗ್ನೇಯ ಅಮೆರಿಕದ ಅವರ ನೆಲದಿಂದ 1838-39ರಲ್ಲಿ ಬಲವಂತವಾಗಿ ಹೊರಡಿಸಿ, ನೂರಾರು ಮೈಲಿ ನಡೆಸಿ, ಈಗಿನ ಒಕ್ಲಹೋಮಾಕ್ಕೆ ಅಟ್ಟಿದ ಕಥೆಯನ್ನು ಕಣ್ಣೀರಿನ ಹಾದಿ ಎಂದು ಕರೆಯುತ್ತಾರೆ. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಉಳಿದವರು ಕಟ್ಟಿಕೊಂಡ ರಾಜಧಾನಿ ತಾಲೆಕ್ವಾ. ಅಲ್ಲಿ, ತಮ್ಮ ಆಸ್ಪತ್ರೆಯ ಆವರಣದಲ್ಲೇ, ಚೆರೋಕಿ ರಾಷ್ಟ್ರ ತನ್ನ ಹಣದಿಂದ ವೈದ್ಯಕೀಯ ಕಾಲೇಜಿನ ಕಟ್ಟಡ ಕಟ್ಟಿತು. ಒಕ್ಲಹೋಮಾ ರಾಜ್ಯ ವಿಶ್ವವಿದ್ಯಾಲಯ ಪಾಠ ನಡೆಸುವ ಹೊಣೆ ಹೊತ್ತಿತು. ಕೊಡುವುದು ಆಸ್ಟಿಯೋಪಥಿಕ್ ವೈದ್ಯ ಪದವಿ, ಅಮೆರಿಕದಲ್ಲಿ ಎಂ.ಡಿ. ಪದವೀಧರರಂತೆಯೇ ಇವರೂ ಔಷಧ ಬರೆಯಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು. ಬುಡಕಟ್ಟಿನ ನೆಲದಲ್ಲಿ ಬುಡಕಟ್ಟಿನ ಸಹಭಾಗಿತ್ವದಲ್ಲಿ ನಡೆಯುವ ಮೊದಲ ವೈದ್ಯಕೀಯ ಕಾಲೇಜು ಇದು.

2020ರಲ್ಲಿ, ಕೊರೋನಾ ಹರಡಿದ್ದ ಹೊತ್ತಿನಲ್ಲೇ, 54 ವಿದ್ಯಾರ್ಥಿಗಳೊಂದಿಗೆ ಮೊದಲ ತರಗತಿ ಆರಂಭವಾಯಿತು. ಮೂಲನಿವಾಸಿಗಳಿಗೆ ಮಾತ್ರ ಎಂಬ ನಿಯಮ ಅಲ್ಲಿಲ್ಲ. ಸೇರಿದವರಲ್ಲಿ ಸುಮಾರು ಐದನೆಯ ಒಂದು ಭಾಗ ಅವರು. ಉಳಿದವರು ಒಕ್ಲಹೋಮಾದ ಹಳ್ಳಿಗಾಡಿನಲ್ಲಿ, ಬುಡಕಟ್ಟಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಒಲವುಳ್ಳವರು. ಕಲಿಯುವುದೂ ಅಲ್ಲಿನ ರೋಗಿಗಳ ನಡುವೆಯೇ. 2024ರ ಮೇ ತಿಂಗಳಲ್ಲಿ ಆ ಮೊದಲ ತಂಡ ಪದವಿ ಪಡೆದು ಹೊರಬಂತು.